ಎಡ ಅಂಚಿನ ತಪ್ಪುಗಳು

"ಈ ಮೈಕು ಯಾರ ಮನೆ ನೆಂಟ?"

ನಿರ್ದೇಶಕರ ಮಾತಿಗೆ ಸಂಕಲನದ ಕೋಣೆಯಲ್ಲಿ ಯಾರೂ ನಗಲಿಲ್ಲ. ಪರದೆಯ ಮೇಲೆ ನಾಯಕ ನಾಯಕಿಗೆ ಮೊದಲ ಮುತ್ತು ಕೊಡುತ್ತಿದ್ದ. ಎಡಗಡೆಯಿಂದ ಕಪ್ಪು ಮೈಕೊಂದು ಇಣುಕುತ್ತಿತ್ತು.

ಎಲ್ಲರೂ ಮೂಲೆಯಲ್ಲಿ ಕೂತಿದ್ದ ಸಹಾಯಕಿಯತ್ತ ತಿರುಗಿದರು. ಒಂದು ಶಾಟ್‌ನಲ್ಲಿದ್ದದ್ದು ಮುಂದಿನ ಶಾಟ್‌ನಲ್ಲೂ ಹಾಗೇ ಇದೆಯೇ ಎಂದು ನೋಡಿಕೊಳ್ಳುವುದು ಅವಳ ಕೆಲಸ. ಸೆಟ್ಟಿನಲ್ಲಿ ಅವಳಿಗೆ 'ಭೂತಗನ್ನಡಿ' ಎಂದೇ ಹೆಸರು.

"ನಾಳೆ ಸಂಜೆಯೊಳಗೆ ಎಲ್ಲಾ ತಪ್ಪು ಹುಡುಕಮ್ಮ. ಯಾರದು ಅಂತಾನೂ ಹೇಳು. ಅವರಿಗೆ ನನ್ನ ಹತ್ರ ಇದೇ ಕೊನೇ ಸಿನಿಮಾ."

ನಿರ್ದೇಶಕರು ಹೋದ ಮೇಲೆ ಕ್ಯಾಮೆರಾಮನ್ ಅವಳ ಮುಂದೆ ಬಂದು ನಿಂತ. ಇಡೀ ಶೂಟಿಂಗ್‌ನಲ್ಲಿ ಅವಳ ಜೊತೆ ಒಂದು ಮಾತೂ ಆಡದವನು. ಅವಳು ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡಳು.

"ನನ್ನ ಹೆಸರು ಹೇಳ್ತೀರಾ?"

"ನಾನಿನ್ನೂ ಬಾಯೇ ಬಿಟ್ಟಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಕೋತೀರಿ?"

ಅವನು ನಗಲಿಲ್ಲ. ಹೊರಟವನ ಎಡಭುಜ ಬಾಗಿಲಿಗೆ ಜೋರಾಗಿ ಬಡಿಯಿತು. 'ಎಷ್ಟು ಕೊಬ್ಬು...' ಎಂದುಕೊಂಡಳು.

ಮರುದಿನ ಒಬ್ಬಳೇ ಕೂತು ನೋಡಿದಳು. ನಾಯಕ ಕುಡಿದು ಖಾಲಿ ಮಾಡಿದ ಕಾಫಿ ಮತ್ತೆ ತುಂಬಿತ್ತು. ನಾಯಕಿಯ ಶಾಲು ಹೆಗಲು ಬದಲಿಸಿತ್ತು. ಇವು ತನ್ನವೇ ತಪ್ಪುಗಳು.

ಉಳಿದವು ಬೇರೆ. ದೀಪದ ಕಂಬ. ಮೇಕಪ್‌ನವಳ ಮೊಣಕೈ. ಎಲ್ಲವೂ ಎಡಗಡೆ.

ಶಾಟ್‌ಗಳನ್ನು ಚಿತ್ರೀಕರಿಸಿದ ದಿನಗಳ ಕ್ರಮದಲ್ಲಿ ಜೋಡಿಸಿ ನೋಡಿದಳು. ಮೊದಲ ವಾರ ತಪ್ಪುಗಳು ಅಂಚಿನಲ್ಲಷ್ಟೇ ಇದ್ದವು. ಆಮೇಲೆ ಒಳಗೊಳಗೆ ಸರಿಯುತ್ತಾ ಬಂದಿದ್ದವು, ಏನೋ ಒಂದು ಮೆಲ್ಲಗೆ ಚಿತ್ರವನ್ನು ನುಂಗುತ್ತಿರುವ ಹಾಗೆ. ಕೊನೆಯ ದಿನದ ಹಾಡಿನಲ್ಲಿ ನಾಯಕಿ ನಗುತ್ತಿದ್ದಳು, ಅವಳ ಅರ್ಧ ಮುಖಕ್ಕೆ ಕಂಬ ಅಡ್ಡವಾಗಿತ್ತು.

ಬಾಗಿಲಿಗೆ ಬಡಿದ ಆ ಭುಜ... ಅದು ಕೊಬ್ಬಲ್ಲ.

ನಿರ್ದೇಶಕರನ್ನು ಕಂಡು ಬಂದವಳೇ ಕ್ಯಾಮೆರಾ ಕೋಣೆಗೆ ಹೋದಳು. ಅವನು ಲೆನ್ಸ್ ಒರೆಸುತ್ತಿದ್ದ. ಅವನ ಎಡಗಡೆ ನಿಂತು, ಮಾತಾಡದೆ ಕೈ ಚಾಚಿದಳು. ಅವನು ಒರೆಸುತ್ತಲೇ ಇದ್ದ.

"ಯಾವಾಗಿಂದ ಕಾಣ್ತಿಲ್ಲ?"

ಅವನು ಬೆಚ್ಚಿಬಿದ್ದ. "ಚಾಡಿ ಹೇಳೋಕೆ ಸಾಕ್ಷಿ ಬೇಕಿತ್ತಾ?"

"ಹೇಳಿ ಆಯ್ತು. ಎಲ್ಲಾ ತಪ್ಪೂ ನಂದೇ ಅಂದೆ. ಮನೆಗೆ ಹೋಗು ಅಂದ್ರು."

"ನಿಮಗೇನು ತಲೆ ಕೆಟ್ಟಿದ್ಯಾ?"

"ನಿಮ್ಮನ್ನ ಕಾಪಾಡೋಕೆ ಅಂದ್ಕೋಬೇಡಿ. ಕೆಲಸ ಹೋಗುತ್ತೆ ಅಂತ ಆಸ್ಪತ್ರೆಗೆ ಹೋಗ್ತಿಲ್ಲ ನೀವು. ಆ ನೆಪ ಈಗ ಇಲ್ಲ. ನಡೀರಿ."

ಅವನು ಲೆನ್ಸನ್ನು ಮತ್ತೆ ಒರೆಸತೊಡಗಿದ. "ಕೆಲಸಕ್ಕಲ್ಲ. ಅಪ್ಪನಿಗೂ ಹೀಗೇ ಶುರುವಾಗಿತ್ತು. ಆಸ್ಪತ್ರೆಗೆ ನಡ್ಕೊಂಡೇ ಹೋದ್ರು. ವಾಪಸ್ ಬರ್ಲಿಲ್ಲ."

ಅವನ ಕೈಯಿಂದ ಲೆನ್ಸ್ ತೆಗೆದು ಪೆಟ್ಟಿಗೆಯಲ್ಲಿಟ್ಟಳು.

ತಲೆಯೊಳಗೆ ಗಡ್ಡೆ ಎಂದರು ಡಾಕ್ಟರು. ಬೇಗ ಆಪರೇಷನ್ ಆಗಬೇಕು. ಕಣ್ಣು ಉಳಿಯಬಹುದು, ಉಳಿಯದಿರಬಹುದು. ಜೀವದ ಬಗ್ಗೆಯೂ ಅವರು ಮಾತು ಕೊಡಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ಕೂತರು.

"ನನ್ನ ಜೊತೆ ಯಾಕೆ ಮಾತಾಡ್ತಿರಲಿಲ್ಲ?" ಎಂದಳು.

"ಭಯ. ನಿನ್ನ ಕೈಗೆ ಸಿಕ್ಕಿಬೀಳ್ತೀನಿ ಅಂತ."

"ಕಣ್ಣಿನ ವಿಷಯದಲ್ಲಾ?"

"ಎರಡರಲ್ಲೂ."

ಅವಳು ತಲೆ ತಗ್ಗಿಸಿದಳು. "ಆ ಕಾಫಿ, ಶಾಲಿನ ತಪ್ಪು ನಿಜಕ್ಕೂ ನಂದೇ. ಶಾಟ್ ಬಿಟ್ಟು ನಿನ್ನನ್ನ ನೋಡ್ತಾ ಇದ್ದೆ."

ಅವನು ಅವಳತ್ತ ತಿರುಗಿದ.

"ಕಾಣ್ತಿದೀನಾ?"

"ಅರ್ಧ."

ಅವಳು ಅವನ ಅಂಗೈಯನ್ನು ತನ್ನ ಬಲಗೆನ್ನೆಗೆ ಒತ್ತಿಕೊಂಡಳು.

"ಇನ್ನರ್ಧ ಇಲ್ಲಿದೆ."