ಅಜ್ಜಿಯ ಹೆಪ್ಪು

ಚೂಟಿ ಪಾತ್ರೆಯನ್ನು ಓರೆ ಮಾಡಿದಳು. ಗಟ್ಟಿ ಮೊಸರು ಬೀಳಬೇಕಿತ್ತು. ಹಾಲು ಹಾಲಾಗಿಯೇ ಹರಿದು ಬಂತು.

“ಅಣ್ಣಾ, ಮೊಸರಾಗೇ ಇಲ್ಲ ಕಣೋ!”

ಬಯಾಲಜಿ ಟೆಸ್ಟ್‌ಗೆ ಓದುತ್ತಿದ್ದ ಅಣ್ಣ ಎದ್ದು ಬಂದ. “ಹೆಪ್ಪು ಹಾಕುವಾಗ ಹಾಲು ಎಷ್ಟು ಬಿಸಿ ಇತ್ತು?”

“ಕುದೀತಾ ಇತ್ತು. ಬೇಗ ಆಗ್ಲಿ ಅಂತ...”

“ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಹೇಳ್ತಾರಾ? ಬ್ಯಾಕ್ಟೀರಿಯಾ ಎಲ್ಲಾ ಬೆಂದುಹೋಗಿವೆ. ಸ್ವಲ್ಪ ಹೆಪ್ಪು ಎತ್ತಿಟ್ಟಿದ್ದೀಯಾ?”

ಇಟ್ಟಿರಲಿಲ್ಲ. ಇದ್ದುದನ್ನೆಲ್ಲ ಬಳಿದು ಹಾಕಿದ್ದಳು.

ಅದೇನು ಅಂತಿಂಥ ಹೆಪ್ಪಲ್ಲ. ಅಜ್ಜಿ ಮದುವೆಯಾಗಿ ಬರುವಾಗ ಅವಳ ಅಮ್ಮ ಪುಟ್ಟ ಡಬ್ಬಿಯಲ್ಲಿ ಕೊಟ್ಟು ಕಳಿಸಿದ್ದು. ಅಂದಿನಿಂದಲೂ ಇವತ್ತಿನ ಮೊಸರಿನಿಂದಲೇ ನಾಳೆಯ ಮೊಸರು. ಅಜ್ಜಿ ಹಾಸಿಗೆ ಹಿಡಿದ ಮೇಲೆ ಆ ಕೆಲಸ ಚೂಟಿಯ ಪಾಲಿಗೆ ಬಂದಿತ್ತು. ಈಗ ಅಜ್ಜಿ ಇಷ್ಟಪಟ್ಟು ತಿನ್ನುತ್ತಿದ್ದುದೂ ಆ ಮೊಸರೊಂದನ್ನೇ.

“ಬೇರೆ ಯಾರ ಮನೇಲಾದ್ರೂ ಇದ್ರೆ?”

“ಒಂದು ಚಮಚ ಸಿಕ್ರೂ ಸಾಕು. ಬ್ಯಾಕ್ಟೀರಿಯಾಗೆ ಅಪ್ಪ, ಅಮ್ಮ ಅಂತ ಇಬ್ಬರು ಬೇಡ. ಒಂದು ಸೀಳಿ ಎರಡಾಗುತ್ತೆ, ಎರಡು ನಾಲ್ಕಾಗುತ್ತೆ. ಮುತ್ತಜ್ಜಿ ಕೊಟ್ಟಿದ್ದೇ ಹಾಗೆ ಇಲ್ಲಿವರೆಗೂ ಬಂದಿರೋದು.”

ಚೂಟಿ ಓಡಿದಳು. ಅಜ್ಜಿಯಿಂದ ಹೆಪ್ಪು ಒಯ್ಯದ ಮನೆಯೇ ಆ ಬೀದಿಯಲ್ಲಿರಲಿಲ್ಲ.

“ಅಯ್ಯೋ, ಈಗ ಯಾರಮ್ಮ ಹೆಪ್ಪು ಹಾಕ್ತಾರೆ? ಪ್ಯಾಕೆಟ್ ತಂದ್ರಾಯ್ತು,” ಅಂದರು ಪಕ್ಕದ ಮನೆಯ ಆಂಟಿ. ಟೈಲರ್ ಮಾಮನ ಮನೆಯಲ್ಲೂ ಪ್ಯಾಕೆಟ್. ನರ್ಸ್ ಅಕ್ಕನ ಫ್ರಿಜ್‌ನಲ್ಲೂ ಪ್ಯಾಕೆಟ್. ಬೀದಿ ಮುಗಿಯಿತು. ಚೂಟಿಗೆ ಬಿಕ್ಕಿ ಬಿಕ್ಕಿ ಅಳು ಬಂತು.

ಕೊನೆಗೆ ಅವಳೂ ಒಂದು ಪ್ಯಾಕೆಟ್ ತಂದು, ಬಟ್ಟಲಿಗೆ ಸುರಿದು ಅಜ್ಜಿಗೆ ತಿನ್ನಿಸಿದಳು.

ಅಜ್ಜಿ ಬಾಯಿ ಚಪ್ಪರಿಸಿದಳು. ಇನ್ನೊಂದು ಚಮಚ ತಿಂದಳು. ಅವಳ ಕಣ್ಣು ತುಂಬಿ ಬಂತು.

“ರುಚೀನೇ ಗೊತ್ತಾಗ್ತಿಲ್ಲ ಕಣೇ. ಕೈಕಾಲು ಹೋಯ್ತು, ಈಗ ನಾಲಿಗೇನೂ ಹೋಯ್ತು.”

ಸುಮ್ಮನಿದ್ದಿದ್ದರೆ ಚೂಟಿ ಬೈಸಿಕೊಳ್ಳದೆ ಪಾರಾಗುತ್ತಿದ್ದಳು. ಆದರೆ ಅಜ್ಜಿಯ ಮುಖ ನೋಡಲಾಗಲಿಲ್ಲ.

“ನಿನ್ನ ನಾಲಿಗೆ ಸರಿಯಾಗೇ ಇದೆ ಅಜ್ಜಿ. ಇದು ಅಂಗಡಿ ಮೊಸರು. ನಿನ್ನ ಹೆಪ್ಪನ್ನ ನಾನೇ ಕುದಿಯೋ ಹಾಲಿಗೆ ಹಾಕಿ ಸಾಯಿಸಿಬಿಟ್ಟೆ. ಎಲ್ಲಾ ಮನೇಲೂ ಕೇಳಿದೆ, ಎಲ್ಲೂ ಇಲ್ಲ.”

ಅಜ್ಜಿ ಬೈಯಲಿಲ್ಲ.

“ನಮ್ಮಮ್ಮಂದು ಅಂತ ಅದೊಂದೇ ಇತ್ತು,” ಎಂದು ಗೋಡೆಯ ಕಡೆ ಮುಖ ತಿರುಗಿಸಿದಳು.

ಅಜ್ಜಿಗೂ ಒಬ್ಬಳು ಅಮ್ಮ ಇದ್ದಳು, ತೀರಿಹೋದಳು ಎಂದು ಚೂಟಿಗೆ ಗೊತ್ತಿತ್ತು. ಆದರೆ ಆ ಅಮ್ಮ ಹೋದದ್ದು ಇವತ್ತೇ ಅನ್ನಿಸಿತು. ಬಟ್ಟಲನ್ನು ಕೆಳಗಿಟ್ಟು ಅವಳು ಹಾಸಿಗೆಯ ಅಂಚಿನಲ್ಲಿ ಕೂತಳು. ಅಜ್ಜಿ ಈ ಕಡೆ ತಿರುಗಲಿಲ್ಲ. ಹೋಗು ಎಂದೂ ಹೇಳಲಿಲ್ಲ.