ನಡುವಿನ ಸೀಟಿನ ಅರಿಶಿನ

"ಒಪ್ಕೊಂಡ್ಬಿಟ್ರಂತೆ ಅಮ್ಮ," ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಗಸು. "ಎರಡೂ ಕೈಗೆ ಹೊಡ್ದಿದಾರೆ. ಬೆರಳು ಬಾಳೆಕಾಯಿ ಥರ ಊದ್ಕೊಂಡಿದೆ. ಒಪ್ಕೊಳ್ದೆ ಏನ್ ಮಾಡ್ತಾರೆ."

ಅದು ಭಾನುವಾರದ ಬೆಳಗು. ಯಲಹಂಕದ ಹಳೇ ಊರಿನಲ್ಲಿ ಕೃಷ್ಣಮ್ಮನವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ವಿಮಾ ಕಂಪನಿಯಲ್ಲಿದ್ದು, ಸುಟ್ಟ ಅಂಗಡಿ, ಉರುಳಿದ ಲಾರಿಗಳ ತನಿಖೆ ಮಾಡಿ ನಿವೃತ್ತರಾದ ಅವರ ಬಳಿ ಜನ ಹೀಗೆ ಕಷ್ಟ ಹೇಳಿಕೊಂಡು ಬರುತ್ತಿದ್ದರು. ಸ್ಕೂಟರ್ ಓಡಿಸುವುದು ನನ್ನ ಕೆಲಸ. ಅವರು ನೋಡುತ್ತಿದ್ದರು, ನಾನು ಪಕ್ಕದಲ್ಲಿ ನಿಂತು ಹೆದರುತ್ತಿದ್ದೆ.

ಬಂದವಳ ಹೆಸರು ಸುಮಾ. ಗಂಡ ಮಣಿಕಂಠನಿಗೆ ಯಶವಂತಪುರದಲ್ಲಿ ಕುಶನ್ ಅಂಗಡಿ. ಹೆಸರಘಟ್ಟದಿಂದಾಚೆ ನರಸಿಂಹಯ್ಯ ಎಂಬ ಜಮೀನುದಾರರು ತಮ್ಮ ಹಳೆಯ ಕಲ್ಲುಕ್ವಾರಿಯ ಹೊಂಡದಲ್ಲಿ ಮೀನು ಸಾಕಿದ್ದರು. ಮೀನು ಹಿಡಿಯುವ ದೋಣಿಯ ಸೀಟುಗಳು ಹರಿದು ಕೊಳೆತಿದ್ದವು. ಮಣಿಕಂಠ ಅವನ್ನು ಹೊಸದಾಗಿ ಮಾಡಿಕೊಟ್ಟು ಗುರುವಾರ ಸಂಜೆ ವಾಪಸು ಬಂದಿದ್ದ. ಶನಿವಾರ ಬೆಳಗ್ಗೆ ದೋಣಿ ಮುಳುಗಿ ನರಸಿಂಹಯ್ಯನವರ ಒಬ್ಬನೇ ಮಗ ಸತೀಶ್ ಸತ್ತ. ದೋಣಿಯನ್ನು ಮೇಲೆತ್ತಿದಾಗ ಸೀಟುಗಳೊಳಗೆ ಥರ್ಮಾಕೋಲ್ ಬದಲು ಸ್ಪಂಜ್ ಸಿಕ್ಕಿತು, ಪೊಲೀಸರು ಮಣಿಕಂಠನನ್ನು ಹಿಡಿದೊಯ್ದರು.

"ಏನಿದ್ರೆ ಏನು?" ಎಂದೆ ನಾನು.

"ಥರ್ಮಾಕೋಲ್ ಇದ್ರೆ ಬೋಟಲ್ಲಿ ನೀರ್ ತುಂಬಿದ್ರೂ ಅದು ತೇಲುತ್ತೆ ಅಕ್ಕ. ಸ್ಪಂಜ್ ನೀರ್ ಕುಡ್ಕೊಂಡು ಭಾರ ಆಗುತ್ತೆ. ನಮ್ಮನೆಯವ್ರು ಥರ್ಮಾಕೋಲೇ ಹಾಕಿದ್ದು, ನಾನೇ ಕೊಯ್ದು ಕೊಟ್ಟಿದೀನಿ. ನಾಳೆ ಕೋರ್ಟಿಗೆ ಕರ್ಕೊಂಡ್ ಹೋಗ್ತಾರೆ. ಒಳಗ್ ಹೋದ್ರೆ ಆಮೇಲೆ ಯಾರ್ ಕೇಳ್ತಾರೆ ನಮ್ಮನ್ನ?"

ಕೃಷ್ಣಮ್ಮ ಕನ್ನಡಕ ಹಾಕಿಕೊಂಡರು. "ಮಂಜುಶ್ರೀ, ಪೆಟ್ರೋಲ್ ಇದ್ಯಾ ನೋಡಮ್ಮ."

ಹೊಂಡ ನರಸಿಂಹಯ್ಯನವರ ಮನೆಯ ಹಿಂದೆಯೇ ಇತ್ತು. ಸುತ್ತ ಕತ್ತರಿಸಿ ನಿಲ್ಲಿಸಿದಂಥ ಬಂಡೆ, ಇಳಿಯಲು ಒಂದೇ ದಾರಿ. ನೀರು ಹಸಿರಾಗಿ, ಅಲುಗಾಡದೆ ನಿಂತಿತ್ತು. ನಾನು ಅಂಚಿನಿಂದ ದೂರವೇ ನಿಂತೆ. ಇನ್‌ಸ್ಪೆಕ್ಟರ್ ನರೇಂದ್ರ ಕೃಷ್ಣಮ್ಮನವರಿಗೆ ಹಳೆಯ ಪರಿಚಯ.

"ಕೇಸ್ ಮುಗೀತು ಮೇಡಂ. ತಳದಲ್ಲಿ ನೀರು ಬಿಡೋ ತೂತಿದೆ, ಅದರ ರಬ್ಬರ್ ಬಿರಡೆ ಕಳಚಿದೆ. ಅದು ಆಗಾಗ ಕಳಚ್ತಾನೇ ಇತ್ತಂತೆ. ಸೀಟು ಸರಿ ಇದ್ದಿದ್ರೆ ಹುಡುಗ ಬದುಕ್ತಿದ್ದ."

"ಆಗಾಗ ಕಳಚ್ತಿತ್ತು ಅಂತ ಯಾರು ಹೇಳಿದ್ದು?"

"ನಾನೇ," ಎಂದ ಪಕ್ಕದಲ್ಲಿದ್ದ ಯುವಕ. ಅವನು ಗಿರಿ, ಮನೆಯ ಅಳಿಯ. ಮೀನಿನ ಕೆಲಸವೆಲ್ಲ ಅವನದೇ. "ಹೋದ್ ತಿಂಗಳು ನಡು ನೀರಲ್ಲಿ ಬಿರಡೆ ಹೋಗಿ, ದೋಣಿ ಅಂಚಿನ ತನಕ ತುಂಬ್ತು. ಎದೆ ಮಟ್ಟ ನೀರಲ್ಲಿ ಕೂತ್ಕೊಂಡೇ ಹುಟ್ಟು ಹಾಕ್ಕೊಂಡು ಬಂದೆ. ಊಟಕ್ಕೆ ಕೂತಾಗ ಹೇಳಿ ಎಲ್ರನ್ನೂ ನಗಿಸಿದ್ದೆ. ನಂಗೂ ಈಜು ಬರಲ್ಲ, ಭಾವನಿಗೂ ಬರ್ತಿರ್ಲಿಲ್ಲ."

"ದಿನಾ ಬೆಳಗ್ಗೆ ಮೇವು ಹಾಕೋಕೆ ಹೋಗೋನು ನೀನು. ನಿನ್ನೆ ಯಾಕೆ ಹೋಗ್ಲಿಲ್ಲ?" ಎಂದರು ಕೃಷ್ಣಮ್ಮ.

ಗಿರಿ ನೆಲ ನೋಡಿದ. "ಹೊಟ್ಟೆ ಕೆಟ್ಟಿತ್ತು ಮೇಡಂ, ಬಚ್ಚಲಲ್ಲಿದ್ದೆ. ಭಾವ ತಣಿಸಂದ್ರದಿಂದ ಶುಕ್ರವಾರದ ದೋಣಿ ಪೂಜೆಗೆ ಬಂದು ಉಳ್ಕೊಂಡಿದ್ರು. ಹೊಸ ಸೀಟಲ್ಲಿ ಕೂತು ಫೋಟೋ ತೆಗಿಬೇಕು, ನಾನೇ ಹೋಗ್ತೀನಿ ಬಿಡು ಮಗಾ ಅಂದ್ರು."

ದೋಣಿ ದಡದಲ್ಲಿ ಬಿದ್ದಿತ್ತು. ಅದರ ಸೀಟುಗಳೆಂದರೆ ಅಡ್ಡಲಾಗಿ ಕೂರಿಸಿದ ಟೊಳ್ಳು ತೊಟ್ಟಿಗಳು. ಒಳಗೆ ತುಂಬಿ, ಮೇಲೆ ಕೆನೆಬಣ್ಣದ ರೆಕ್ಸಿನ್ ಎಳೆದು, ಅಂಚಿನ ಕೆಳಗೆ ಪಿನ್ ಹೊಡೆದಿದ್ದರು. ಪೊಲೀಸರು ಮುಂದಿನ, ಹಿಂದಿನ ಸೀಟುಗಳನ್ನು ಪೂರ್ತಿ ಕಿತ್ತುಹಾಕಿದ್ದರು. ನಡುವಿನದನ್ನು ಮಾತ್ರ ಮೇಲಿನಿಂದ ಸೀಳಿ ನೋಡಿ ಬಿಟ್ಟಿದ್ದರು. ಸೀಳಿನಿಂದ ಕೃಷ್ಣಮ್ಮ ಸ್ಪಂಜಿನ ತುಂಡೊಂದನ್ನು ಎಳೆದರು. ಚಾಕುವಿನಿಂದ ಕೊಯ್ದ ತುಂಡು, ನಡುವೆ ದೊಡ್ಡ ಕಂದು ಕಲೆ. ಆಮೇಲೆ ಸೆರಗು ಬಿಗಿದು ಒದ್ದೆ ನೆಲದಲ್ಲಿ ಅಂಗಾತ ಮಲಗಿ, ಸೀಟಿನ ಅಡಿಗೆ ತಲೆ ತೂರಿಸಿದರು.

"ಮಂಜು, ಫೋಟೋ ತೆಗಿ."

ನಾನೂ ಬಗ್ಗಿದೆ. ಸೀಟಿನ ಪಕ್ಕದ ರೆಕ್ಸಿನ್ ಮೇಲೆ ನೀರಿಗೂ ಹೋಗದೆ ಉಳಿದ ಅರಿಶಿನದ ಕಲೆಗಳಿದ್ದವು. ಅಂಚಿನ ಕೆಳಗೆ, ಪಿನ್ನುಗಳ ಸಾಲಿನಲ್ಲೂ ಅದೇ ಹಳದಿ ಇತ್ತು.

"ಪಿನ್ ಹೊಡೆಯೋ ಗನ್ ಈ ಮನೇಲಿ ಇದ್ಯಾ?" ಎಂದು ಕೃಷ್ಣಮ್ಮ ಎದ್ದು ಕೂತು ಕೇಳಿದರು.

"ಆ ರೆಕ್ಸಿನ್ನವನದ್ದೇ ಇದೆ," ಎಂದರು ನರೇಂದ್ರ. "ಮನೆ ಸೋಫಾ ಕೆಲಸ ಬಾಕಿ ಇತ್ತಂತೆ, ಇಲ್ಲೇ ಬಿಟ್ಟು ಹೋಗಿದ್ದ."

ಮನೆಯ ಜಗಲಿಯಲ್ಲಿ ನರಸಿಂಹಯ್ಯ ಗೋಡೆಗೊರಗಿ ಕೂತಿದ್ದರು. ನಮ್ಮನ್ನು ನೋಡಿ, "ನನ್ ಮಗನ್ನ ತಿಂದವ್ನೆ ಆ ನನ್ಮಗ. ಅವನ್ ಪರವಾಗ್ ಬಂದಿದ್ರೆ ಇಂಗೇ ಓಗಿ," ಎಂದು ಮುಖ ತಿರುಗಿಸಿದರು. ಅಲ್ಲಿಂದ ಹೊಂಡ ನೇರವಾಗಿ ಕಾಣುತ್ತಿರಲಿಲ್ಲ. ಆದರೆ ದಡದಲ್ಲಿ ಪೇದೆಯೊಬ್ಬ ಕೆಮ್ಮಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಒಳಗೆ ಸತೀಶನ ತಾಯಿ ಸೊಣ್ಣಮ್ಮ ಕೂತಿದ್ದರು. ಮಗಳು ಮೋನಿಷಾ ನಮಗೆ ನೀರು ಕೊಟ್ಟಳು. ಬೇರೆ ಜಾತಿಯ ಗಿರಿಯನ್ನು ಮದುವೆಯಾದಾಗ ಅಪ್ಪ ತನ್ನ ಪಾಲಿಗೆ ಸತ್ತಳೆಂದು ಊರ ಮುಂದೆ ಅವಳ ಹೆಸರಿನಲ್ಲಿ ತಲೆಗೆ ನೀರು ಹುಯ್ದುಕೊಂಡಿದ್ದರಂತೆ. ಹೋದ ವರ್ಷ ಅಜ್ಜಿ ತೀರಿಕೊಂಡ ಮೇಲೆ ತಾವಾಗಿಯೇ ಹೋಗಿ ಇಬ್ಬರನ್ನೂ ಕರೆತಂದಿದ್ದರು.

"ಅಪ್ಪ ಬದಲಾಗಿದಾರೆ ಆಂಟಿ," ಎಂದಳು. "ನಿನ್ನೆ ಕಾವಲುಗಾರ ಮುನಿಶಾಮಿ 'ಬೋಟ್ ಮುಳುಗೋಯ್ತು' ಅಂತ ಕೂಗಿದ ತಕ್ಷಣ ಜಗಲಿಯಿಂದ ಅಡುಗೆಮನೆಗೆ ಬಂದು ನನ್ನನ್ನೇ ಹಿಡ್ಕೊಂಡ್ರು. 'ಅಳಬ್ಯಾಡ ಮಗ, ನಾನಿದೀನಿ ನಿಂಗೆ' ಅಂದ್ರು. ಆಮೇಲೆ ಗಿರಿ ಬಚ್ಚಲಿಂದ ಟವೆಲ್ ಸುತ್ಕೊಂಡು ಬಂದ್ರು. ಅವರನ್ನ ನೋಡಿ ಅಪ್ಪ ಅಲ್ಲೇ ಕುಸಿದ್ರು."

ನಾನು ಲೋಟ ಕೆಳಗಿಟ್ಟು, ಏನೋ ಕೇಳಲು ಹೊರಟೆ. ಕೃಷ್ಣಮ್ಮ ಸುಮ್ಮನೆ ನನ್ನ ಮೊಣಕೈ ಒತ್ತಿ, ಸೊಣ್ಣಮ್ಮನವರ ಪಕ್ಕ ಕೂತರು.

"ಪೂಜೆ ಯಾವಾಗ ಮಾಡಿದ್ರಮ್ಮ?"

"ಸುಕ್ರವಾರ ಬೆಳಗ್ಗೆ. ಕೂರೋ ಜಾಗಕ್ ಇಟ್ರೆ ತುಳೀತಾರೆ ಅಂತ ಸೀಟಿನ್ ಪಕ್ಕಕ್ಕೆ ಅರಿಶಿನ ಕುಂಕುಮ ಇಟ್ಟೆ. ಮದ್ಯಾನ್ನ ನಾವೆಲ್ಲ ಸೆಟ್ಟಳ್ಳಿಲಿರೋ ತಂಗಿ ಮನೆಗ್ ಓದ್ವಿ. ಇವ್ರು ಮಂಡಿ ನೋವು ಅಂತ ಉಳಕಂಡ್ರು."

"ಹಳೇ ಹಾಸಿಗೆ ಏನಾದ್ರೂ ಇದ್ಯಾ ಮನೇಲಿ?"

"ಅತ್ತೆದು ಗೋಡೌನಲ್ ಐತೆ. ಅದರ್ ಮ್ಯಾಲೇ ಜೀವ ಬಿಟ್ಟಿದ್ದು. ಸುಡಬೇಕಿತ್ತು, ಅವ್ವನ ಗುರುತು ಇರ್ಲಿ ಅಂದ್ರು ಇವ್ರು. ಸತ್ತೋರ್ ಹಾಸಿಗೆ, ಯಾರೂ ಮುಟ್ಟಾಕಿಲ್ಲ."

ಗೋಡೌನಿನ ಬೀಗದ ಕೈ ನರಸಿಂಹಯ್ಯನವರ ಉಡಿದಾರದಲ್ಲಿರುತ್ತಿತ್ತು. ನಾವು ಕಿಟಕಿಯ ಬಳಿ ಹೋದೆವು. ಹೂವಿನ ಚಿತ್ರದ ಹಾಸಿಗೆ ಒಳಗಡೆ ಗೋಡೆಗೊರಗಿ ನಿಂತಿತ್ತು. ಕೃಷ್ಣಮ್ಮ ಸರಳುಗಳ ನಡುವೆ ಕೈ ತೂರಿಸಿ ಅದನ್ನು ಒತ್ತಿದರು. ಒಣಗಿದ ತರಗೆಲೆ ಮೆಟ್ಟಿದಂಥ ಸದ್ದು ಬಂತು.

ಮಾರನೆಯ ದಿನ ಸೋಮವಾರ, ಸಮಾಧಿಗೆ ಹಾಲುತುಪ್ಪ ಬಿಡುವ ದಿನ. ಹೊರಡುವ ಮುಂಚೆ ಮನೆಯವರೆಲ್ಲ ಅಂಗಳದಲ್ಲಿ ಸೇರಿದ್ದರು. ಕೃಷ್ಣಮ್ಮನವರ ಮಾತಿಗೆ ನರೇಂದ್ರ ಬಂದಿದ್ದರು. ಸುಮಾ ಗೇಟಿನ ಹತ್ತಿರವೇ ನಿಂತಳು.

"ಮಣಿಕಂಠ ಹೋಗಿದ್ದು ಗುರುವಾರ, ಪೂಜೆ ಶುಕ್ರವಾರ," ಎಂದು ಶುರು ಮಾಡಿದರು ಕೃಷ್ಣಮ್ಮ. "ಅರಿಶಿನ ಇಟ್ಟಿದ್ದು ಸೀಟಿನ ಪಕ್ಕಕ್ಕೆ. ಈಗ ಅದು ಅಂಚಿನ ಅಡಿಗೂ ಹೋಗಿದೆ, ಪಿನ್ನುಗಳು ಅರಿಶಿನದ ಮೇಲೇ ಹೊಡೆದಿವೆ. ಸೀಟಿನ ಅಡಿಗೆ ತಲೆ ಹಾಕಿ ಯಾರೂ ಪೂಜೆ ಮಾಡಲ್ಲ. ಪೂಜೆ ಆದ್ಮೇಲೆ ಯಾರೋ ರೆಕ್ಸಿನ್ ಬಿಚ್ಚಿದಾರೆ. ಸ್ಪಂಜ್ ಥರ್ಮಾಕೋಲಿನಷ್ಟು ಗಟ್ಟಿಯಲ್ಲ, ಕುಗ್ಗುತ್ತೆ. ರೆಕ್ಸಿನ್ ಸಡಿಲ ಆಯ್ತು. ಬಿಗಿ ಮಾಡೋಕೆ ಇನ್ನಷ್ಟು ಕೆಳಗೆಳೆದು, ಮಣಿಕಂಠನ ಗನ್‌ನಲ್ಲೇ ಪಿನ್ ಹೊಡೆದ್ರು."

"ಸರಿ, ತೆಗೆದ ಥರ್ಮಾಕೋಲ್ ಎಲ್ಲಿ?" ಎಂದರು ನರೇಂದ್ರ.

"ಹೊಂಡಕ್ಕೆ ಎಸೆದ್ರೆ ತೇಲುತ್ತೆ, ಸುಟ್ರೆ ಊರಿಗೆಲ್ಲ ವಾಸನೆ. ಗೋಡೌನ್ ತೆಗೆಸಿ. ಅಜ್ಜಿ ಹಾಸಿಗೆಯ ಕಲೆ ಬಿದ್ದ ಸ್ಪಂಜ್ ಸೀಟಿಗೆ ಹೋಗಿದೆ, ಸೀಟಿನ ಥರ್ಮಾಕೋಲ್ ಹಾಸಿಗೆ ಒಳಗಿದೆ. ಸತ್ತವರ ಹಾಸಿಗೆ ಮುಟ್ಟೋಕೆ ಈ ಮನೇಲಿ ಎಲ್ರಿಗೂ ಭಯ. ಆ ಧೈರ್ಯದ ಮೇಲೇ ಅಲ್ಲಿಟ್ರು."

ಪೇದೆ ಹಾಸಿಗೆಯನ್ನು ಅಂಗಳಕ್ಕೆಳೆದು ಹೊಲಿಗೆ ಸೀಳಿದ. ಬಿಳಿ ಗಟ್ಟಿಗಳು ಹೊರಗೆ ಬಿದ್ದವು. ಸೊಣ್ಣಮ್ಮ ಕಣ್ಣು ಮಿಟುಕಿಸದೆ ನೋಡಿದರು.

ನರಸಿಂಹಯ್ಯ ಎದ್ದು ನಿಂತರು. "ಇವನೇ," ಎಂದು ಗಿರಿಯತ್ತ ಕೈ ಮಾಡಿದರು. "ನನ್ ಮಗ ಓದ್ರೆ ಆಸ್ತಿ ಎಲ್ಲ ಇವನ್ ಹೆಂಡ್ತಿಗೆ. ಅವತ್ತು ಒಟ್ಟೆನೋವು ಅಂತ ನಾಟ್ಕ ಆಡಿ, ಅವನ್ನ ಬೋಟ್ ಅತ್ಸವ್ನೆ. ಕೀ ಯಾವಾಗ್ ಎತ್ಕಂಡ್ನೋ."

"ಅಪ್ಪಾ," ಎಂದಳು ಮೋನಿಷಾ.

"ಶುಕ್ರವಾರ ಮಧ್ಯಾಹ್ನ ಗಿರಿ ಶೆಟ್ಟಿಹಳ್ಳೀಲಿದ್ದ," ಎಂದರು ಕೃಷ್ಣಮ್ಮ. "ಮನೇಲಿ ಉಳಿದಿದ್ದು ನೀವೊಬ್ರೇ. ಇನ್ನೊಂದು ಮಾತು, ಇದನ್ನ ಮೊದಲು ಗಮನಿಸಿದ್ದು ಮಂಜು. ಮುನಿಶಾಮಿ ದೋಣಿ ಮುಳುಗ್ತು ಅಂತ ಮಾತ್ರ ಕೂಗಿದ್ದು. ಯಾರಿದ್ರು ಅಂತ ಯಾರಿಗೂ ಗೊತ್ತಿರ್ಲಿಲ್ಲ. ನೀವು ನೀರಿನ ಕಡೆ ಓಡ್ಲಿಲ್ಲ. ಯಾರು ಅಂತ ಕೇಳ್ಲೂ ಇಲ್ಲ. ಸೀದಾ ಬಂದು ಮಗಳಿಗೆ ಸಮಾಧಾನ ಹೇಳಿದ್ರಿ. ಬಿರಡೆ ಸಡಿಲ ಮಾಡಿದ್ದು ಬೇರೆ ಜಾತಿ ಅಳಿಯನಿಗೆ ಅಂತ. ಹತ್ತಿದ್ದು ಮಗ."

ಮೋನಿಷಾ ಶನಿವಾರ ಅಪ್ಪ ಹಿಡಿದಿದ್ದ ತನ್ನ ತೋಳನ್ನು ಸೆರಗಿನಿಂದ ಒರೆಸತೊಡಗಿದಳು.

ನರೇಂದ್ರ ತಲೆ ಅಲ್ಲಾಡಿಸಿದರು. "ಮೇಡಂ, ಕೋರ್ಟಲ್ಲಿ ಇದು ಊಹೆ ಅಂತಾರೆ. ನನ್ನ ಹತ್ರ ಮಣಿಕಂಠನ ಹೇಳಿಕೆ ಇದೆ."

ಗೇಟಿನ ಕಂಬಿ ಹಿಡಿದಿದ್ದ ಸುಮಾಳ ಮುಖ ಬಿಳಚಿಕೊಂಡಿತು. ಆಗ ಸೊಣ್ಣಮ್ಮ ಕೈಯಲ್ಲಿದ್ದ ಹಾಲಿನ ಚೊಂಬನ್ನು ಕೆಳಗಿಟ್ಟು, ಗಂಡನ ಎದುರು ಹೋಗಿ ನಿಂತರು. ಅವರ ದನಿ ತೀರ ಮೆತ್ತಗಿತ್ತು.

"ಜಗಲಿ ಮ್ಯಾಲೇ ಕುಂತಿದ್ರಿ ಅಲ್ವಾ. ನಮ್ ಮಗ ಕೂಗ್ಕಂಡಿದ್ದು ಕೇಳಿಸ್ತಾ?"

ನರಸಿಂಹಯ್ಯ ಹೆಂಡತಿಯ ಮುಖ ನೋಡಿದರು. ಆಮೇಲೆ ಅವರ ಮಂಡಿ ನಿಜವಾಗಿಯೂ ಸೋತಿತು.

"ಕೇಳಿಸ್ತು," ಎಂದರು. "ಗಿರಿ ಅಂದ್ಕಂಡೆ."

ಸೊಣ್ಣಮ್ಮ ಚೊಂಬನ್ನು ಎತ್ತಿ ಗಿರಿಯ ಕೈಗೆ ಕೊಟ್ಟರು. "ನಡಿಯಪ್ಪ, ಒತ್ತಾಯ್ತು," ಎಂದು ಸಮಾಧಿಯ ದಾರಿ ಹಿಡಿದರು. ತಿರುಗಿ ನೋಡಲಿಲ್ಲ.

ಮಧ್ಯಾಹ್ನ ಮಣಿಕಂಠನನ್ನು ಬಿಟ್ಟರು. ಠಾಣೆಯ ಮೆಟ್ಟಿಲ ಮೇಲೆ ಅವನು ಎರಡೂ ಕೈಗಳನ್ನು ಎದೆಯ ಮುಂದೆ ಹಿಡಿದು ನಿಂತ, ಬೇರೆ ಯಾರದೋ ಸಾಮಾನು ಹೊತ್ತವನ ಹಾಗೆ. ಸುಮಾ ಬಗ್ಗಿ ಅವನ ಕಾಲಿಗೆ ಚಪ್ಪಲಿ ಹಾಕಿದಳು. ಯಾರು ಕೊಂದರು, ಯಾಕೆ ಕೊಂದರು ಎಂದು ಅವನು ಕೇಳಲಿಲ್ಲ. ಕೃಷ್ಣಮ್ಮನವರನ್ನು ಬಹಳ ಹೊತ್ತು ನೋಡಿ, ತಗ್ಗಿದ ದನಿಯಲ್ಲಿ ಹೇಳಿದ:

"ಅಷ್ಟೊಂದ್ ಸಲ ಕೇಳಿದ್ರಮ್ಮ. ಕೊನೆಗ್ ನಂಗೇ ಹಂಗನ್ನಿಸೋಕ್ ಶುರುವಾಯ್ತು. ನಾನು ಥರ್ಮಾಕೋಲೇ ಹಾಕಿದ್ದೆ, ಅಲ್ವಾ?"