ಹಡಗು ಬರುವ ಬುಧವಾರ

"ಗ್ರೆನಡಾಗೆ ಸ್ವಾಗತ, ಸಾರ್! ಖಾರ ಕಮ್ಮಿ ಹಾಕ್ಲಾ?"

ಗ್ರ್ಯಾಂಡ್ ಆನ್ಸ್ ತೀರದಲ್ಲಿ ಮೀನು ಹುರಿದು ಮಾರುವ ಅಯೋನಿ, ಹಡಗಿನಿಂದ ಇಳಿದವರನ್ನೆಲ್ಲ ಕೇಳುವಂತೆಯೇ ಎದುರಿಗೆ ನಿಂತ ಯುವಕನನ್ನೂ ಕೇಳಿದ್ದಳು. ಮೈಮೇಲೆ ಹಡಗಿನ ಹೆಸರಿದ್ದ ಟೀ ಶರ್ಟು, ಬಿಸಿಲು ಕಾಣದೆ ಮಂಕಾದ ಮುಖ.

"ಗುಯಾವ್‌ನಲ್ಲಿ ಹುಟ್ಟಿದವನಿಗೆ ಖಾರ ಕಮ್ಮಿನಾ? ನಮ್ಮಮ್ಮ ಕೇಳಿಸ್ಕೊಂಡಿದ್ರೆ ನಿನ್ನ ಬಾಣಲೆ ಎತ್ತಿ ಸಮುದ್ರಕ್ಕೆ ಎಸೀತಿದ್ಲು!"

ಅಯೋನಿ ನಾಲಿಗೆ ಕಚ್ಚಿಕೊಂಡಳು. ಇದೇ ದ್ವೀಪದವನು! ಅವನು ನಕ್ಕನಾದರೂ ತಟ್ಟೆ ಹಿಡಿದು ಬಹಳ ಹೊತ್ತು ತಿನ್ನದೇ ಕೂತ. ಹುಟ್ಟಿದ ನೆಲದಲ್ಲೇ ಅವನನ್ನು ಪರದೇಶಿ ಮಾಡಿಬಿಟ್ಟೆನಲ್ಲ ಎಂದು ಅವಳಿಗೆ ಚುಚ್ಚಿತು.

ಅವನ ಹೆಸರು ಥೆರನ್. ಹಡಗಿನ ಲಾಂಡ್ರಿಯಲ್ಲಿ ಕೆಲಸ. ಆ ಸೀಸನ್ ಪೂರ್ತಿ ಹಡಗು ವಾರ ಬಿಟ್ಟು ವಾರ, ಬುಧವಾರದಂದು ಬರುತ್ತಿತ್ತು. ಅವನು ನೇರ ಅವಳು ಒಲೆ ಹೂಡಿದ್ದ ಮರದ ನೆರಳಿಗೆ ಬರುತ್ತಿದ್ದ.

"ಇವತ್ತು ಉಪ್ಪು ಜಾಸ್ತಿ ಕಣೇ."

"ನಿನ್ನ ನಾಲಿಗೆಗೆ ಸೋಪು ಮೆತ್ತಿರಬೇಕು. ತೊಳ್ಕೊಂಡು ಬಾ."

ಅವಳು ಹೊಸ ಓಲೆ ಹಾಕಿದ ದಿನ ಅವನು ತನ್ನ ಕಿವಿಯನ್ನೊಮ್ಮೆ ಮುಟ್ಟಿಕೊಂಡು ಅವಳನ್ನೇ ನೋಡುತ್ತಿದ್ದ. ಅವಳು ಎಣ್ಣೆ ಸಿಡಿದ ಹಾಗೆ ಮುಖ ತಿರುಗಿಸುತ್ತಿದ್ದಳು. ಅವನು ಹೋದ ಮೇಲೆ ಮತ್ತೆ ಹಡಗು ಬರುವ ಬುಧವಾರದವರೆಗೆ ತೀರವೆಲ್ಲ ಬಿಕೋ ಎನ್ನುತ್ತಿತ್ತು.

ಏಪ್ರಿಲ್ ಕೊನೆಯಲ್ಲಿ ಬಂದವನು ತಟ್ಟೆ ಮುಟ್ಟಲಿಲ್ಲ.

"ಇಲ್ಲಿಂದ ಯುರೋಪಿಗೆ. ಮುಂದಿನ ವರ್ಷ ಈ ಹಡಗು ಈ ಕಡೆ ಬರಲ್ವಂತೆ."

ಅಯೋನಿ ಒಲೆ ಆರಿಸಿದಳು. ಸಾಲು ನಿಂತ ಗಿರಾಕಿಗಳಿಗೆ, ತುಂಬಿದ ಬುಟ್ಟಿಯ ಮುಂದೆಯೇ, "ಮೀನು ಖಾಲಿ" ಎಂದಳು.

ಇಬ್ಬರೂ ಸೊಂಟದವರೆಗೆ ನೀರಿಗಿಳಿದರು. ಅಲೆ ಬಂದಾಗಲೆಲ್ಲ ಭುಜಕ್ಕೆ ಭುಜ ತಾಗುತ್ತಿತ್ತು. ಇಬ್ಬರೂ ಸರಿಯಲಿಲ್ಲ.

"ಇಷ್ಟು ಸಲ ಬಂದೆ. ಒಂದು ಸಲಾನೂ ಗುಯಾವ್‌ಗೆ ಹೋಗ್ಲಿಲ್ವಲ್ಲೋ?"

"ಅಮ್ಮ ಹೋದಾಗ ನಾನು ನಡು ಸಮುದ್ರದಲ್ಲಿದ್ದೆ. ಮಣ್ಣಿಗೂ ಬರೋಕಾಗ್ಲಿಲ್ಲ." ಅವನು ಅಂಗೈಯಲ್ಲಿ ನೀರೆತ್ತಿ ಚೆಲ್ಲಿದ. "ಈಗ ಬಾಗಿಲು ತಟ್ಟಿದ್ರೆ ತೆಗೆಯೋರಿಲ್ಲ, ಅಯೋನಿ."

ಅವಳು ಅವನ ಕಡೆ ನೋಡದೆ ಹೇಳಿದಳು.

"ನಾನು ಒಳಗಿರ್ತೀನಿ. ನೀನು ತಟ್ಟು."

ಅವನು ಅವಳತ್ತ ತಿರುಗಿದ.

"ಕಾಂಟ್ರಾಕ್ಟ್ ಮುಗಿಯೋಕೆ ಅಕ್ಟೋಬರ್ ಆಗುತ್ತೆ. ಕಾಯ್ತಿರು ಅಂತ ಹೇಳೋಕೆ ನಂಗೆ ಬಾಯಿ ಬರಲ್ಲ."

"ಕಾಯ್ಲಾ ಅಂತ ನಿನ್ನನ್ನ ಕೇಳಿದ್ನಾ? ನೀನು ಬರ್ತೀನಿ ಅನ್ನು, ಸಾಕು."

"ಬರ್ತೀನಿ," ಎಂದ. ಅವಳ ಒದ್ದೆ ಕೈಯನ್ನು ಕಣ್ಣಿಗೊತ್ತಿಕೊಂಡ. "ಹಡಗು ಬರದಿದ್ರೂ ನಾನು ಬರ್ತೀನಿ."

ದೋಣಿಯಲ್ಲಿ ಬಂದರಿನವರೆಗೂ ಅವಳು ಜೊತೆಗೇ ಹೋದಳು. ಗೇಟಿನಲ್ಲಿ ಅವನು ಒಮ್ಮೆ ತಿರುಗಿ, ಒಳಗೆ ಮರೆಯಾದ.

ಸಂಜೆ ಹಡಗು ಕೂಗಿ ದಡ ಬಿಟ್ಟಿತು. ಲಾಂಡ್ರಿ ಇರುವುದು ಹಡಗಿನ ತಳದಲ್ಲಿ, ಕಿಟಕಿಯೇ ಇಲ್ಲದ ಕಡೆ. ಅವನಿಗೆ ಕಾಣುವುದಿಲ್ಲವೆಂದು ಗೊತ್ತಿದ್ದೂ, ಗೇಟಿನ ಹೊರಗೇ ನಿಂತಿದ್ದ ಅವಳು ಕೈ ಎತ್ತಿದಳು. ಮೇಲಿನ ಡೆಕ್ಕಿನಲ್ಲಿ ಒಂಟಿಯಾಗಿ ನಿಂತಿದ್ದ ಯಾರೋ ಮುದುಕಿ, ಅದು ತನಗೇ ಎಂದುಕೊಂಡು, ಸಂಭ್ರಮದಿಂದ ಎರಡೂ ಕೈ ಬೀಸತೊಡಗಿದಳು.

ಕೈ ಇಳಿಸಲು ಅಯೋನಿಗೆ ಮನಸ್ಸಾಗಲಿಲ್ಲ. ಕಣ್ಣು ಒರೆಸಿಕೊಂಡು, ಹಡಗು ಚುಕ್ಕೆಯಾಗುವವರೆಗೂ ಆ ಮುದುಕಿಗೆ ಬೀಸುತ್ತಲೇ ಇದ್ದಳು.